ಸ್ಟೇಟ್‌ಬರ್ಗಿನ ಮಣ್ಣಿನ ದೇವಾಲಯ

ದೇವಾಲಯವೆಂದೊಡನೆ ನಮ್ಮ ಮನಸ್ಸಿಗೆ ಮೊದಲು ಬರುವುದು ಕಲ್ಲು. ಬಯಲುಸೀಮೆಯವರಿಗೆ ಕಗ್ಗಲ್ಲು, ಕರಾವಳಿಯವರಿಗೆ ಕೆಂಪು ಮುರಕಲ್ಲು, ಅದರ ಮೇಲೆ ಸುಣ್ಣದ ಗಾರೆ, ನೆತ್ತಿಯ ಮೇಲೆ ಮಂಗಳೂರು ಹೆಂಚು. ಪೇತ್ರನನ್ನೇ ಬಂಡೆಯೆಂದು ಕರೆದ ಪ್ರಭುವಿನ ಹಿಂಬಾಲಕರಾದ ನಮಗೆ ಕಲ್ಲಿನ ಮೇಲಿರುವ ಈ ಮೋಹ ಸಹಜವೇ. ಆದರೆ ಪ್ರಿಯ ಓದುಗರೇ, ಈ ತಿಂಗಳು ನಿಮ್ಮನ್ನು ಒಂದು ಮಣ್ಣಿನ ದೇವಾಲಯಕ್ಕೆ ಕರೆದೊಯ್ಯುವ ಮನಸ್ಸಾಗಿದೆ. ಅದು ನಮ್ಮ ಕಥೋಲಿಕ ದೇವಾಲಯವಲ್ಲ, ನಮ್ಮ ದೇಶದ್ದೂ ಅಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಕೆರೊಲಿನಾ ರಾಜ್ಯದಲ್ಲಿ, ಸಮ್ಟರ್ ಪಟ್ಟಣದ ಪಶ್ಚಿಮಕ್ಕೆ ಇರುವ ಸ್ಟೇಟ್‌ಬರ್ಗ್ ಎಂಬ ಪುಟ್ಟ ಊರಿನ ಆಂಗ್ಲಿಕನ್ ಸಂಪ್ರದಾಯದ ಧರ್ಮಕೇಂದ್ರ. ಹೆಸರು ಪವಿತ್ರ ಶಿಲುಬೆಯ ದೇವಾಲಯ. 1850ರಲ್ಲಿ ಕೆಲಸ ಆರಂಭವಾಗಿ 1852ರಲ್ಲಿ ಮುಗಿದ ಅದರ ಗೋಡೆಗಳು ಕಲ್ಲಿನವಲ್ಲ, ಇಟ್ಟಿಗೆಯವೂ ಅಲ್ಲ. ಅವು ಅಲ್ಲಿನ ನೆಲದಿಂದಲೇ ಅಗೆದು, ಹಲಗೆಗಳ ನಡುವೆ ಸುರಿದು, ದಮ್ಮಸು ಹೊಡೆದು ಗಟ್ಟಿ ಮಾಡಿದ ಬರೀ ಮಣ್ಣು.

ಈ ದೇವಾಲಯದ ಬಗೆಗೆ ನನಗೆ ಕುತೂಹಲ ಹುಟ್ಟಿದ್ದಕ್ಕೆ ಒಂದು ಕಾರಣವಿದೆ. ಅದು ನನಗೆ ಅಷ್ಟೇನೂ ಗೌರವ ತರುವಂಥದಲ್ಲ. ಗುರುದೀಕ್ಷೆ ಪಡೆದ ಹೊಸದರಲ್ಲಿ ನಾನು ಸೇವೆ ಸಲ್ಲಿಸಿದ ಮಲೆನಾಡಿನ ಒಂದು ಧರ್ಮಕೇಂದ್ರಕ್ಕೆ ಸೇರಿದಂತೆ, ಕಾಫಿ ತೋಟದ ಅಂಚಿನಲ್ಲಿ ಮಣ್ಣಿನ ಗೋಡೆಯ ಚಿಕ್ಕದೊಂದು ಪ್ರಾರ್ಥನಾಲಯವಿತ್ತು. ತೋಟದ ಕೂಲಿಯವರೇ ಕಟ್ಟಿಕೊಂಡದ್ದು. ಮಳೆಗಾಲದಲ್ಲಿ ಸೋರುತ್ತದೆ, ನೋಡಲು ಚೆನ್ನಾಗಿಲ್ಲ ಎಂಬ ಎರಡು ಕಾರಣಗಳನ್ನು ಕೊಟ್ಟು ಅದನ್ನು ಕೆಡವಿಸಿ ಸಿಮೆಂಟಿನ ಕಟ್ಟಡ ಏಳಿಸಿದವನು ನಾನೇ. ಸೋರುತ್ತಿದ್ದದ್ದು ಮಾಡು, ಗೋಡೆಯಲ್ಲ. ಇದು ಗೊತ್ತಾದದ್ದು ಕೆಡವುವ ದಿನ. ಪಿಕಾಸಿಯ ಏಟಿಗೆ ಗೋಡೆ ಜಗ್ಗಲಿಲ್ಲ. ಪಿಕಾಸಿಯೇ ಪುಟಿದು ಹಿಂದಕ್ಕೆ ಬರುತ್ತಿತ್ತು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಮುದುಕಿಯೊಬ್ಬರು, "ನಮ್ಮತ್ತೆ ತುಳಿದ ಮಣ್ಣು ಫಾದರ್, ಸುಲಭಕ್ಕೆ ಬೀಳಾಕಿಲ್ಲ" ಎಂದರು. ಎರಡು ದಿನದ ಕೆಲಸ ಐದು ದಿನ ಹಿಡಿಯಿತು. ಹೊಸ ಕಟ್ಟಡದ ಉದ್ಘಾಟನೆಯ ಫಲಕದಲ್ಲಿ ನನ್ನ ಹೆಸರೂ ಇದೆ. ಆ ಅತ್ತೆಯ ಹೆಸರೇನೆಂದು ನಾನು ಅಂದು ಕೇಳಲಿಲ್ಲ.

ಇರಲಿ, ಸ್ಟೇಟ್‌ಬರ್ಗಿಗೆ ಬರೋಣ. ಸ್ಯಾಂಟೀ ನದೀ ಪ್ರಾಂತದ ಎತ್ತರದ ದಿಬ್ಬಗಳೆಂದು ಹೆಸರಾದ ಜಾಗವದು. ಕರಾವಳಿಯ ಜೌಗುನೆಲದ ಜ್ವರಗಳಿಂದ ತಪ್ಪಿಸಿಕೊಳ್ಳಲು ಸಿರಿವಂತ ಜಮೀನ್ದಾರರು ಇಂಥ ಎತ್ತರದ ಜಾಗಗಳನ್ನು ಆರಿಸಿಕೊಳ್ಳುತ್ತಿದ್ದರು. ಅಮೆರಿಕದ ಸ್ವಾತಂತ್ರ್ಯ ಯುದ್ಧದ ಸೇನಾನಿ ಥಾಮಸ್ ಸಮ್ಟರ್ 1783ರಲ್ಲಿ ಈ ಊರನ್ನು ಸ್ಥಾಪಿಸಿದ. ರಾಜ್ಯದ ರಾಜಧಾನಿ ಇಲ್ಲಿಗೇ ಬರಲಿ ಎಂಬುದು ಅವನ ಆಸೆ. ಹೆಸರಿನಲ್ಲೇ ಆ ಆಸೆ ಇದೆ. ಆದರೆ 1786ರಲ್ಲಿ ರಾಜಧಾನಿಯ ಭಾಗ್ಯ ಕೊಲಂಬಿಯಾ ಎಂಬ ಹೊಸ ಊರಿನ ಪಾಲಾಯಿತು. ಸ್ಟೇಟ್‌ಬರ್ಗ್ ಹಳ್ಳಿಯಾಗಿಯೇ ಉಳಿಯಿತು.

ಇಲ್ಲಿ ಕನ್ನಡಿಗರಿಗೆ ಪರಿಚಿತವಾದ ಒಂದು ಹೆಸರು ಎದುರಾಗುತ್ತದೆ. ದೇವಾಲಯದ ಎದುರಿಗಿರುವ 'ಬರೋ ಹೌಸ್' ಎಂಬ ಹಳೆಯ ಮನೆಯಲ್ಲಿ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಎರಡೂ ಪಕ್ಷದ ಸೇನಾಪತಿಗಳು ಬೀಡುಬಿಟ್ಟಿದ್ದರೆಂದು ಆ ಮನೆಯ ಚರಿತ್ರೆ ಹೇಳುತ್ತದೆ. ಅಮೆರಿಕದ ಕಡೆಯ ನಥಾನಿಯೆಲ್ ಗ್ರೀನ್, ಬ್ರಿಟಿಷರ ಕಡೆಯ ಲಾರ್ಡ್ ಕಾರ್ನ್‌ವಾಲಿಸ್. 1781ರಲ್ಲಿ ಯಾರ್ಕ್‌ಟೌನಿನಲ್ಲಿ ಸೋತು ಶರಣಾದ ಇದೇ ಕಾರ್ನ್‌ವಾಲಿಸ್, ಹತ್ತು ವರ್ಷಗಳ ನಂತರ 1791ರ ಮಾರ್ಚ್‌ನಲ್ಲಿ ನಮ್ಮ ಬೆಂಗಳೂರಿನ ಕೋಟೆಯ ಮುಂದೆ ಬಂದು ನಿಂತವನು. ಕೋಟೆಗಿಂತ ಮೊದಲು ಅವನ ಸೈನ್ಯ ನುಗ್ಗಿದ್ದು ಪೇಟೆಗೆ. ಆ ಪೇಟೆಯ ಸುತ್ತ ಇದ್ದದ್ದು ಮಣ್ಣಿನ ಗೋಡೆ ಮತ್ತು ಮುಳ್ಳುಬೇಲಿ. ಆದರೆ ಸ್ಟೇಟ್‌ಬರ್ಗಿನಲ್ಲಿ ಅವನಿದ್ದಾಗ ಅಲ್ಲಿನ್ನೂ ಮಣ್ಣಿನ ಕಟ್ಟಡಗಳಿರಲಿಲ್ಲ.

ಅವನ್ನು ತಂದವರು ವೈದ್ಯರೊಬ್ಬರು, ಡಾಕ್ಟರ್ ವಿಲಿಯಂ ವಾಲೇಸ್ ಆ್ಯಂಡರ್ಸನ್. ಬರೋ ಹೌಸಿನ ಒಡೆಯರಾದ ಇವರು 1821ರಲ್ಲಿ ಮನೆಯ ಎರಡು ಪಾರ್ಶ್ವಗಳನ್ನೂ ಅಂಗಳದ ಹಲವು ಕಟ್ಟಡಗಳನ್ನೂ ದಮ್ಮಸು ಮಣ್ಣಿನಲ್ಲಿ ಕಟ್ಟಿಸಿದರು. ಈ ವಿದ್ಯೆ ಅವರಿಗೆ ಬಂದದ್ದು ಪುಸ್ತಕದಿಂದ. ಎಸ್. ಡಬ್ಲ್ಯು. ಜಾನ್‌ಸನ್ ಎಂಬುವರು 1806ರಲ್ಲಿ ನ್ಯೂಜೆರ್ಸಿಯಲ್ಲಿ ಗ್ರಾಮೀಣ ಅರ್ಥವ್ಯವಸ್ಥೆಯ ಬಗೆಗೆ ಒಂದು ಪುಸ್ತಕ ಪ್ರಕಟಿಸಿದ್ದರು. ಅದರಲ್ಲಿನ ಮಣ್ಣಿನ ಗೋಡೆಯ ಪಾಠದ ಬೇರು ಫ್ರಾನ್ಸಿನ ಲಿಯೋನ್ ನಗರದಲ್ಲಿದೆ. ಅಲ್ಲಿನ ಫ್ರಾಂಸ್ವಾ ಕ್ವಾಂತೆರೋ ತನ್ನ ಸೀಮೆಯ ರೈತರು ಕಾಲಾಂತರದಿಂದ ಕಟ್ಟುತ್ತಿದ್ದ ಮಣ್ಣಿನ ಮನೆಗಳ ಕ್ರಮವನ್ನು ಫ್ರೆಂಚ್ ಕ್ರಾಂತಿಯ ದಿನಗಳಲ್ಲಿ, 1790ರ ಸುಮಾರಿಗೆ, ಕಿರುಹೊತ್ತಗೆಗಳಾಗಿ ಬರೆದ. ಬಡವನಿಗೂ ಬೆಂಕಿಗೆ ಹೆದರದ ಮನೆ ಸಿಗಬೇಕೆಂಬುದು ಅವನ ಹಂಬಲ. 1797ರಲ್ಲಿ ಇಂಗ್ಲೆಂಡಿನ ವಾಸ್ತುಶಿಲ್ಪಿ ಹೆನ್ರಿ ಹಾಲೆಂಡ್ ಅದನ್ನು ಇಂಗ್ಲಿಷಿಗೆ ತಂದ. ಹೀಗೆ ಲಿಯೋನಿನ ರೈತನ ಕೈವಾಡ ಲಂಡನ್ನಿಗೆ ಹೋಗಿ, ಅಲ್ಲಿಂದ ಸಾಗರ ದಾಟಿ, ಹತ್ತಿಯ ಸೀಮೆಯ ಒಬ್ಬ ವೈದ್ಯರ ಮೇಜಿನ ಮೇಲೆ ಬಂದು ಕುಳಿತಿತು. ರೈತನ ಬಾಯಿಂದ ಬಾಯಿಗೆ ಹೋಗುವ ವಿದ್ಯೆ ಅಚ್ಚಾದರೆ ಎಷ್ಟು ದೂರ ನಡೆಯಬಲ್ಲದು, ನೋಡಿ!

ಹೊಸ ವಿದ್ಯೆಯೇನೂ ಅಲ್ಲ ಅದು. ರೋಮಿನ ಹಿರಿಯ ಪ್ಲಿನಿ ತನ್ನ ಪ್ರಕೃತಿ ಚರಿತ್ರೆಯ ಗ್ರಂಥದಲ್ಲಿ, ಹಲಗೆಗಳ ನಡುವೆ ಅದುಮಿ ಕಟ್ಟಿದ ಮಣ್ಣಿನ ಗೋಡೆಗಳು ಆಫ್ರಿಕ ಮತ್ತು ಸ್ಪೇನಿನಲ್ಲಿ ಇವೆಯೆಂದೂ, ಹ್ಯಾನಿಬಲ್ಲನು ಸ್ಪೇನಿನ ಬೆಟ್ಟಗಳ ಮೇಲೆ ಕಟ್ಟಿಸಿದ ಮಣ್ಣಿನ ಕಾವಲು ಗೋಪುರಗಳು ತನ್ನ ಕಾಲಕ್ಕೂ ಕಾಣಸಿಗುತ್ತವೆಯೆಂದೂ ಬರೆದಿದ್ದಾನೆ. ಅಂದರೆ ಸುಮಾರು ಮುನ್ನೂರು ವರ್ಷಗಳ ಬಾಳಿಕೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಅಲ್ಲಲ್ಲಿ ನಿಂತಿರುವ ಮಣ್ಣಿನ ಹುಡೇವುಗಳನ್ನು ಕಂಡವರಿಗೆ ಇದು ಅತಿಶಯೋಕ್ತಿ ಎನಿಸಲಾರದು.

ಕೆಲಸದ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಏಕೆಂದರೆ ಮಣ್ಣಿನ ಗೋಡೆ ಎಂದರೆ ನಮ್ಮಲ್ಲಿ ಬಹಳ ಮಂದಿ ಕೆಸರು ಕಲಸಿ ಮೆತ್ತಿದ ಗೋಡೆಯೆಂದೇ ತಿಳಿಯುತ್ತಾರೆ. ಇದು ಹಾಗಲ್ಲ. ಮೊದಲು ಕಲ್ಲಿನದೋ ಇಟ್ಟಿಗೆಯದೋ ಪಾಯ ನೆಲದಿಂದ ಒಂದೆರಡು ಅಡಿ ಮೇಲಕ್ಕೆ ಬರಬೇಕು. ಅದರ ಮೇಲೆ ಎರಡೂ ಬದಿಗೆ ದಪ್ಪ ಹಲಗೆಗಳನ್ನು ನಿಲ್ಲಿಸಿ, ಗೋಡೆಯ ದಪ್ಪದಷ್ಟು ಅಂತರವಿಟ್ಟು ಬಿಗಿಯುತ್ತಾರೆ. ಮಣ್ಣಿನಲ್ಲಿ ಮರಳು ಹೆಚ್ಚು, ಜೇಡಿ ಹದವಾಗಿ ಇರಬೇಕು. ಜೇಡಿ ಹೆಚ್ಚಾದರೆ ಒಣಗುವಾಗ ಗೋಡೆ ಬಿರುಕು ಬಿಡುತ್ತದೆ. ಕಡಿಮೆಯಾದರೆ ಮಣ್ಣು ಹಿಡಿದು ನಿಲ್ಲುವುದಿಲ್ಲ. ತೇವವೂ ಅಷ್ಟೇ. ಹಿಡಿಯಲ್ಲಿ ಹಿಸುಕಿದರೆ ಉಂಡೆಯಾಗಬೇಕು, ಕೆಳಗೆ ಬಿಟ್ಟರೆ ಪುಡಿಯಾಗಬೇಕು. ಅಂಗೈಗೆ ಕೆಸರು ಮೆತ್ತಿಕೊಂಡಿತೆಂದರೆ ನೀರು ಹೆಚ್ಚಾಯಿತೆಂದು ಅರ್ಥ. ಈ ಹದದ ಮಣ್ಣನ್ನು ಹಲಗೆಗಳ ನಡುವೆ ಒಂದು ಗೇಣಿಗಿಂತಲೂ ಕಡಿಮೆ ದಪ್ಪಕ್ಕೆ ಹರಡುತ್ತಾರೆ. ಆಮೇಲೆ ಆಳುಗಳು ಹಲಗೆಗಳ ನಡುವೆಯೇ ಇಳಿದು ನಿಂತು ಮರದ ದಮ್ಮಸಿನಿಂದ ಹೊಡೆಯುತ್ತಾರೆ. ಮೊದಲು ಏಟಿನ ಸದ್ದು ಮಂದವಾಗಿರುತ್ತದೆ. ಮಣ್ಣು ಅದುಮಿಕೊಂಡಂತೆ ಸದ್ದು ಬದಲಾಗುತ್ತ ಬಂದು, ಕೊನೆಗೆ ಕಲ್ಲಿಗೆ ಹೊಡೆದಂತೆ ಕೇಳಿಸುತ್ತದೆ. ಆಗ ಮುಂದಿನ ಪದರ. ಹೀಗೆ ಪದರದ ಮೇಲೆ ಪದರ, ಅಚ್ಚಿನ ಮೇಲೆ ಅಚ್ಚು. ಹಲಗೆ ಕಳಚಿದ ಕ್ಷಣದಿಂದಲೇ ಗೋಡೆ ತಾನಾಗಿ ನಿಲ್ಲುತ್ತದೆ. ಒಣಗಿದಂತೆ ಇನ್ನೂ ಗಟ್ಟಿಯಾಗುತ್ತದೆ. ಅದಕ್ಕಿರುವ ಶತ್ರು ಒಂದೇ, ನೀರು. ಕಾಲಿಗೆ ಒಳ್ಳೆಯ ಪಾಯ, ತಲೆಗೆ ಚೆನ್ನಾಗಿ ಚಾಚಿದ ಮಾಡು, ಮೈಗೆ ಗಾರೆಯ ಹೊದಿಕೆ, ಇಷ್ಟಿದ್ದರೆ ಸಾಕು.

1850ರ ಹೊತ್ತಿಗೆ ಸ್ಟೇಟ್‌ಬರ್ಗಿನ ವಿಶ್ವಾಸಿಗಳು ತಮ್ಮ ಹಳೆಯ ಮರದ ದೇವಾಲಯದ ಜಾಗದಲ್ಲಿ ಹೊಸದನ್ನು ಕಟ್ಟಲು ನಿರ್ಧರಿಸಿದಾಗ ಡಾಕ್ಟರ್ ಆ್ಯಂಡರ್ಸನ್ನರ ಕಟ್ಟಡಗಳು ಮೂರು ದಶಕಗಳ ಮಳೆ ಬಿಸಿಲು ಕಂಡು ಎದುರಿಗೇ ನಿಂತಿದ್ದವು. ಅದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ. ನಕ್ಷೆ ಬರೆದವನು ಚಾರ್ಲ್ಸ್‌ಟನ್ ನಗರದ ಎಡ್ವರ್ಡ್ ಸಿ. ಜೋನ್ಸ್. ಶಿಲುಬೆಯಾಕಾರದ ತಳವಿನ್ಯಾಸ, ಕಡಿದಾದ ಮಾಡು, ಚೂಪು ಕಮಾನಿನ ಕಿಟಕಿಗಳು, ಮೇಲಕ್ಕೆ ಏರುವ ಗೋಪುರ, ಒಟ್ಟಿನಲ್ಲಿ ಗೋಥಿಕ್ ಶೈಲಿ. ನ್ಯೂಯಾರ್ಕಿನ ಹೆಸರಾಂತ ಹೆನ್ರಿ ಎರ್ಬೆನ್ ತಯಾರಿಸಿದ ಆರ್ಗನ್ ವಾದ್ಯವನ್ನೂ ತರಿಸಿದರು.

ಗೋಥಿಕ್ ಏಕೆ? ಆಗ ಇಂಗ್ಲೆಂಡಿನ ಆಂಗ್ಲಿಕನ್ ಸಭೆಯಲ್ಲಿ ಆಕ್ಸ್‌ಫರ್ಡ್ ಚಳವಳಿಯ ಅಲೆ ಎದ್ದಿತ್ತು. ಅದರ ಮುಂದಾಳುಗಳಲ್ಲಿ ಒಬ್ಬರಾದ ಜಾನ್ ಹೆನ್ರಿ ನ್ಯೂಮನ್ 1845ರಲ್ಲಿ ಕಥೋಲಿಕ ಸಭೆಗೆ ಬಂದವರು, 2019ರಲ್ಲಿ ಸಂತಪದವಿಗೆ ಏರಿದವರು. ಇದೇ ಕಾಲದಲ್ಲಿ ಕೇಂಬ್ರಿಜ್‌ನ ಕೆಲವು ತರುಣರು, ಮಧ್ಯಯುಗದ ದೇವಾಲಯಗಳೇ ನಿಜವಾದ ಆರಾಧನಾ ಮಂದಿರಗಳು, ಬೇರೆಲ್ಲ ಶೈಲಿಗಳೂ ಅನ್ಯ ಎಂದು ವಾದಿಸುತ್ತಿದ್ದರು. ಅವರ ಇನ್ನೊಂದು ಪಟ್ಟು, ದೇವಾಲಯದಲ್ಲಿ ಸೋಗು ಇರಬಾರದು, ಮರ ಮರವಾಗಿಯೇ ಕಾಣಬೇಕು, ಕಲ್ಲು ಕಲ್ಲಾಗಿಯೇ ಕಾಣಬೇಕು ಎಂಬುದು. ಸ್ಟೇಟ್‌ಬರ್ಗಿನ ದೇವಾಲಯ ಈ ಪಂಥದ ಮೊದಲ ಮಾತನ್ನು ಪಾಲಿಸಿ ಎರಡನೆಯದನ್ನು ಮುರಿಯಿತು. ಮಣ್ಣಿಗೆ ಗಾರೆ ಹೊದಿಸಲೇಬೇಕು. ಹೊದಿಸಿದ ಮೇಲೆ ನೋಡುವವನಿಗೆ ಅದು ಮಣ್ಣೆಂದು ತಿಳಿಯದು. ಕೇಂಬ್ರಿಜ್‌ನ ಆ ತರುಣರು ನೋಡಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದರೇನೋ. ನನಗಂತೂ ಅದು ದೋಷವೆಂದು ತೋರುವುದಿಲ್ಲ. ಬಟ್ಟೆ ತೊಟ್ಟವನನ್ನು ಸೋಗುಗಾರನೆನ್ನುವುದಿಲ್ಲವಲ್ಲ.

ಗಾರೆಯ ಕೆಳಗಿನ ಮಣ್ಣು ಏನೆಂದು ತೋರಿಸಿಕೊಟ್ಟದ್ದು ಪ್ರಕೃತಿ. 1886ರ ಆಗಸ್ಟ್ 31ರ ರಾತ್ರಿ ಚಾರ್ಲ್ಸ್‌ಟನ್ನಿನಲ್ಲಿ ಭಯಂಕರ ಭೂಕಂಪವಾಯಿತು. ಆ ನಗರದ ಇಟ್ಟಿಗೆಯ ಕಟ್ಟಡಗಳಲ್ಲಿ ಹಾನಿಯಾಗದೆ ಉಳಿದದ್ದು ಅತ್ಯಲ್ಪ. ಕಂಪನ ದೂರ ದೂರದ ರಾಜ್ಯಗಳಿಗೂ ತಲುಪಿತ್ತು. ಸ್ಟೇಟ್‌ಬರ್ಗಿನ ಮಣ್ಣಿನ ಗೋಡೆಗಳು ನಿಂತೇ ಇದ್ದವು. 1903ರಲ್ಲಿ ಬೀಸಿದ ಚಂಡಮಾರುತವನ್ನೂ ಅವು ತಾಳಿಕೊಂಡವು. 1926ರಲ್ಲಿ ಅಮೆರಿಕದ ಕೃಷಿ ಇಲಾಖೆ ರೈತರಿಗಾಗಿ ದಮ್ಮಸು ಮಣ್ಣಿನ ಗೋಡೆಗಳ ಬಗೆಗೇ ಒಂದು ಕೈಪಿಡಿ ಹೊರತಂದಿತು. ಮಣ್ಣಿನಲ್ಲಿ ಆಸಕ್ತರಾದವರಿಗೆ ಸ್ಟೇಟ್‌ಬರ್ಗ್ ಆಗ ನೋಡಲೇಬೇಕಾದ ಜಾಗ. 1973ರಲ್ಲಿ ದೇವಾಲಯವನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಘೋಷಿಸಲಾಯಿತು. ಬರೋ ಹೌಸಿಗೆ ಅದೇ ಮಾನ್ಯತೆ ದೊರೆತದ್ದು 1988ರಲ್ಲಿ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ಅದುಮಿದ ಮಣ್ಣಿನ ಇಟ್ಟಿಗೆಗಳನ್ನು ಕುರಿತು ಕೆಲಸ ಮಾಡಿದ್ದನ್ನು ಓದುಗರಲ್ಲಿ ಕೆಲವರಾದರೂ ಬಲ್ಲರು. ನಾನು ಪ್ರಾರ್ಥನಾಲಯ ಕೆಡವಿಸುವ ಮುನ್ನ ಅಲ್ಲಿಗೊಂದು ಕಾಗದ ಬರೆಯಬಹುದಿತ್ತು.

ವಿಚಿತ್ರವೆಂದರೆ ಈ ದೇವಾಲಯವನ್ನು ನಿಜವಾಗಿ ಅಪಾಯಕ್ಕೆ ಒಡ್ಡಿದ್ದು ಭೂಕಂಪವೂ ಅಲ್ಲ, ಬಿರುಗಾಳಿಯೂ ಅಲ್ಲ, ಗೆದ್ದಲು. ಈ ಶತಮಾನದ ಆರಂಭದಲ್ಲಿ ಮೇಲಿನ ಮರಗೆಲಸವನ್ನು ಗೆದ್ದಲು ತಿಂದಿರುವುದು ಬೆಳಕಿಗೆ ಬಂದು, ಬಾಗಿಲು ಮುಚ್ಚಿ ದೀರ್ಘಕಾಲ ದುರಸ್ತಿ ಮಾಡಬೇಕಾಯಿತು. ಮಣ್ಣು ಉಳಿಯಿತು, ಮರ ಸೋತಿತು. ಮಾನವರ ಜಗಳಗಳೂ ಬಂದವು. 2012ರಲ್ಲಿ ದಕ್ಷಿಣ ಕೆರೊಲಿನಾದ ಆ ಧರ್ಮಪ್ರಾಂತ ಒಡೆದು ಎರಡಾಯಿತು. ದೇವಾಲಯಗಳ ಆಸ್ತಿ ಯಾರದೆಂಬ ವ್ಯಾಜ್ಯ ಹತ್ತು ವರ್ಷ ನ್ಯಾಯಾಲಯಗಳಲ್ಲಿ ನಡೆಯಿತು. ಅದರ ವಿವರಕ್ಕೆ ನಾನು ಹೋಗುವುದಿಲ್ಲ. ಆಸ್ತಿಯ ವ್ಯಾಜ್ಯಗಳಲ್ಲಿ ಯಾವ ಸಭೆಗೂ ಇನ್ನೊಂದು ಸಭೆಗೆ ಬುದ್ಧಿ ಹೇಳುವ ಅರ್ಹತೆಯಿಲ್ಲ.

ದೇವಾಲಯದ ಅಂಗಳದಲ್ಲಿ ಸ್ಮಶಾನವಿದೆ. ಅಲ್ಲಿ ಮಲಗಿರುವವರಲ್ಲಿ ಒಬ್ಬನ ಹೆಸರನ್ನು ನೀವು ಪ್ರತಿ ಕ್ರಿಸ್ಮಸ್ಸಿಗೂ ತಿಳಿಯದೆಯೇ ಉಚ್ಚರಿಸುತ್ತೀರಿ. ಡಿಸೆಂಬರ್ ಬಂತೆಂದರೆ ನಮ್ಮ ಗೋದಲಿಯ ಪಕ್ಕದಲ್ಲಿ, ಬಲಿಪೀಠದ ಮೆಟ್ಟಿಲುಗಳ ಮೇಲೆ ಕುಂಡಗಳಲ್ಲಿ ಇಡುವ ಕೆಂಪು ಎಲೆಗಳ ಗಿಡ, ಪಾಯಿನ್‌ಸೆಟಿಯಾ. ಅದು ಮೂಲತಃ ಮೆಕ್ಸಿಕೊ ದೇಶದ್ದು. ಅಲ್ಲಿಯವರು ಅದನ್ನು ಕ್ರಿಸ್ತಜಯಂತಿಯ ಜಾಗರಣೆಯ ಹೂವು ಎಂದು ಕರೆಯುತ್ತಾರೆ. 1825ರಿಂದ 1829ರವರೆಗೆ ಮೆಕ್ಸಿಕೊದಲ್ಲಿ ಅಮೆರಿಕದ ಪ್ರತಿನಿಧಿಯಾಗಿದ್ದ ಜೋಯೆಲ್ ರಾಬರ್ಟ್ಸ್ ಪಾಯಿನ್‌ಸೆಟ್ ಅದನ್ನು ತನ್ನ ದೇಶಕ್ಕೆ ಕಳುಹಿಸಿದ್ದರಿಂದ ಇಂಗ್ಲಿಷಿನಲ್ಲಿ ಅವನ ಹೆಸರೇ ಅಂಟಿಕೊಂಡಿತು. ಅವನು ತೀರಿಕೊಂಡದ್ದು ಈ ಸ್ಟೇಟ್‌ಬರ್ಗಿನಲ್ಲಿ, 1851ರ ಡಿಸೆಂಬರ್ 12ರಂದು. ಪಕ್ಕದಲ್ಲೇ ದೇವಾಲಯದ ಗೋಡೆಗಳು ಇನ್ನೂ ಏಳುತ್ತಿದ್ದವು. ಡಿಸೆಂಬರ್ 12 ಮೆಕ್ಸಿಕೊದ ಮಹಾಮಾತೆ ಗ್ವಾಡಲೂಪೆಯ ಮರಿಯಮ್ಮನವರ ಹಬ್ಬ. ಮೆಕ್ಸಿಕೊದವರು ತಮ್ಮ ರಾಜಕೀಯದಲ್ಲಿ ಕೈಹಾಕಿದನೆಂದು ಹಿಂದಕ್ಕೆ ಕಳುಹಿಸಿದ ಮನುಷ್ಯ ಅವರ ಮಾತೆಯ ಹಬ್ಬದ ದಿನವೇ ಕಣ್ಣುಮುಚ್ಚಿದ! ಹೂವಿನ ನೆಪದಲ್ಲಿ ನಾವು ಅವನನ್ನು ಮೃದುವಾಗಿ ನೆನೆಯುತ್ತೇವೆ; ಆದರೆ 1837ರಿಂದ 1841ರವರೆಗೆ ಅಮೆರಿಕದ ಯುದ್ಧ ಸಚಿವನಾಗಿದ್ದವನೂ ಇವನೇ. 1838ರಲ್ಲಿ ಚೆರೊಕೀ ಆದಿವಾಸಿಗಳನ್ನು ಸೈನ್ಯದ ಕಾವಲಿನಲ್ಲಿ ಅವರ ನೆಲದಿಂದ ಎಬ್ಬಿಸಿ ಪಶ್ಚಿಮಕ್ಕೆ ಅಟ್ಟಿದ್ದು, ದಾರಿಯಲ್ಲಿ ಸಾವಿರಾರು ಮಂದಿ ಸತ್ತದ್ದು ಇವನ ಅಧಿಕಾರದ ಕಾಲದಲ್ಲಿಯೇ.

ಈಗ ನಾನು ಇಷ್ಟು ಹೊತ್ತು ತಡೆಹಿಡಿದ ಪ್ರಶ್ನೆಗೆ ಬರಬೇಕು. ಆ ಗೋಡೆಗಳಿಗೆ ದಮ್ಮಸು ಹೊಡೆದವರು ಯಾರು?

ಅದು ಹತ್ತಿಯ ಸೀಮೆ. 1860ರ ಜನಗಣತಿಯ ಪ್ರಕಾರ ದಕ್ಷಿಣ ಕೆರೊಲಿನಾದ 7,03,708 ಜನರಲ್ಲಿ 4,02,406 ಮಂದಿ ಗುಲಾಮರು. ಹೊಲದ ಕೆಲಸ, ಮನೆಯ ಕೆಲಸ, ಮರಗೆಲಸ, ಕಮ್ಮಾರಿಕೆ ಎಲ್ಲವೂ ಅವರದೇ. ಡಾಕ್ಟರ್ ಆ್ಯಂಡರ್ಸನ್ನರಿಗೆ ಪುಸ್ತಕದ ಜ್ಞಾನವಿತ್ತು. ಮಣ್ಣಿನ ಹದವನ್ನು ಅಂಗೈಯಲ್ಲಿ ಅರಿತು, ಹಲಗೆಗಳ ನಡುವೆ ನಿಂತು ದಮ್ಮಸು ಎತ್ತಿ ಇಳಿಸುವ ಕೆಲಸಕ್ಕೆ ಅಂಥ ಜಮೀನುಗಳಲ್ಲಿ ಗುಲಾಮರೇ ಇದ್ದರು. ಮಣ್ಣಿನ ಗೋಡೆ ಅಗ್ಗ ಎನ್ನುತ್ತೇವೆ. ಅದು ಅಗ್ಗವಾಗುವುದು ಮಣ್ಣಿಗೆ ಬೆಲೆಯಿಲ್ಲದ್ದರಿಂದ ಮಾತ್ರವಲ್ಲ. ತೋಳಿಗೂ ಬೆಲೆಯಿಲ್ಲದಿದ್ದರೆ ಆಗ ಇನ್ನೂ ಅಗ್ಗ. ಕಟ್ಟಡ ಏಳಲಾರಂಭಿಸಿದ ಅದೇ 1850ರಲ್ಲಿ ಅಮೆರಿಕದ ಜನಗಣತಿ ನಡೆಯಿತು. ಗುಲಾಮರಿಗೆ ಅದರಲ್ಲಿ ಬೇರೆಯೇ ಪಟ್ಟಿ. ಒಡೆಯನ ಹೆಸರು ಬರೆದು, ಅದರ ಕೆಳಗೆ ಒಬ್ಬೊಬ್ಬರ ವಯಸ್ಸು, ಲಿಂಗ, ಮೈಬಣ್ಣ ಇಷ್ಟನ್ನೇ ದಾಖಲಿಸಿದರು. ಹೆಸರಿಗೆ ಅಲ್ಲಿ ಸ್ಥಳವಿರಲಿಲ್ಲ. ನಕ್ಷೆ ಬರೆದ ಜೋನ್ಸನ ಹೆಸರನ್ನು ಬರೆಯುವಾಗ ನನ್ನ ಲೇಖನಿ ತಡೆಯಲಿಲ್ಲ. ಈ ವಾಕ್ಯದಲ್ಲಿ ತಡೆಯುತ್ತದೆ.

ಆದರೆ ಅದೇ ಊರಿನ ಒಬ್ಬನ ಹೆಸರು ಮಾತ್ರ ಉಳಿದಿದೆ. ಅವನ ಕಥೆಯನ್ನು 1984ರಲ್ಲಿ ಮೈಕೆಲ್ ಜಾನ್‌ಸನ್ ಮತ್ತು ಜೇಮ್ಸ್ ರೋರ್ಕ್ ಎಂಬ ಇಬ್ಬರು ಇತಿಹಾಸಕಾರರು ಒಂದು ಇಡೀ ಗ್ರಂಥವಾಗಿ ಬರೆದರು. ಅವನು 1790ರ ಸುಮಾರಿಗೆ ಗುಲಾಮನಾಗಿ ಹುಟ್ಟಿದವನು. ಒಡೆಯರು ಇಟ್ಟ ಹೆಸರು ಏಪ್ರಿಲ್. ಹುಡುಗನನ್ನು ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ ಯಂತ್ರಗಳನ್ನು ತಯಾರಿಸುವವನ ಬಳಿ ಕೆಲಸ ಕಲಿಯಲು ಬಿಟ್ಟರು. ಕಮ್ಮಾರಿಕೆ, ಬಡಗಿತನ, ಲೆಕ್ಕ, ಓದುಬರಹ ಎಲ್ಲವನ್ನೂ ಕಲಿತ. 1816ರಲ್ಲಿ, ಇಪ್ಪತ್ತಾರರ ಹರೆಯದಲ್ಲಿ, ಬಿಡುಗಡೆ ಪಡೆದು ಸ್ಟೇಟ್‌ಬರ್ಗಿಗೆ ಬಂದು ಸ್ವಂತ ಕಾರ್ಖಾನೆ ಹೂಡಿದ. ಹೆಂಡತಿಯನ್ನೂ ಮಗಳನ್ನೂ ಹಣ ಕೊಟ್ಟು ಬಿಡಿಸಿಕೊಂಡ. 1820ರಲ್ಲಿ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿ ಏಪ್ರಿಲ್ ಎಂಬ ಗುಲಾಮನ ಹೆಸರನ್ನು ಕಳಚಿ, ವಿಲಿಯಂ ಎಲಿಸನ್ ಆದ.

ಎಲಿಸನ್ ಈ ಧರ್ಮಕೇಂದ್ರದಲ್ಲಿಯೇ ಆರಾಧನೆಗೆ ಬರುತ್ತಿದ್ದ. ಕಪ್ಪು ಜನರಿಗೆ ಇದ್ದ ಜಾಗ ಮೇಲಿನ ಅಟ್ಟ. 1824ರಲ್ಲಿ ಧರ್ಮಕೇಂದ್ರದ ಆಡಳಿತ ಸಮಿತಿ ಒಂದು ನಿರ್ಣಯ ಮಾಡಿತು. ಎಲಿಸನ್ ತನಗೂ ತನ್ನ ಕುಟುಂಬಕ್ಕೂ ಕೆಳಗಿನ ಅಂತಸ್ತಿನಲ್ಲಿ, ಆರ್ಗನ್ ವಾದ್ಯದ ಅಟ್ಟದ ಅಡಿಯಲ್ಲಿ ಒಂದು ಬೆಂಚು ಇಟ್ಟುಕೊಳ್ಳಬಹುದು ಎಂದು. ಎಲ್ಲರಿಗಿಂತ ಹಿಂದೆ, ಬಿಳಿಯರ ಪೀಠಗಳ ಬೆನ್ನಿಗೆ. ಆದರೂ ಕೆಳಗಡೆ! ಆ ಊರಿನಲ್ಲಿ ಅದೊಂದು ದೊಡ್ಡ ಗೌರವ. ಇದು ಹಳೆಯ ಮರದ ದೇವಾಲಯದ ಕಾಲದ ಮಾತು. ಮಣ್ಣಿನ ದೇವಾಲಯ ಏಳುವಾಗ ಅವನು ಅರವತ್ತರ, ಊರಿನ ದೊಡ್ಡ ಆಸ್ತಿವಂತ.

ಸಂತ ಯಾಕೋಬರ ಪತ್ರದ ಎರಡನೆಯ ಅಧ್ಯಾಯವನ್ನು ಒಮ್ಮೆ ತೆರೆದು ನೋಡಿ. ಚಿನ್ನದ ಉಂಗುರ ತೊಟ್ಟವನಿಗೆ ಒಳ್ಳೆಯ ಆಸನ ತೋರಿಸಿ ಬಡವನಿಗೆ ಅಲ್ಲಿ ನಿಲ್ಲು ಎನ್ನುವ ಸಭೆಯನ್ನು ಪ್ರೇಷಿತರು ಎಷ್ಟು ಕಟುವಾಗಿ ಪ್ರಶ್ನಿಸುತ್ತಾರೆ! ಸ್ಟೇಟ್‌ಬರ್ಗಿನ ಆ ಸಮಿತಿಯ ಸದಸ್ಯರಿಗೂ ಈ ಪತ್ರ ತಿಳಿಯದ್ದೇನಲ್ಲ. ನಾವು ಮುಗುಳ್ನಗುವ ಮುನ್ನ ನಮ್ಮ ಮನೆಯ ಕಡೆಗೂ ನೋಡಬೇಕು. ತಮಿಳುನಾಡಿನ ವಡಕ್ಕನ್‌ಕುಳಂ ಎಂಬಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಕಥೋಲಿಕರೇ ಕಟ್ಟಿದ ದೇವಾಲಯಕ್ಕೆ ಎರಡು ಬೇರೆ ಬೇರೆ ಪ್ರಾಂಗಣಗಳು. ಒಂದೊಂದು ಜಾತಿಯವರಿಗೆ ಒಂದೊಂದು, ಬಲಿಪೀಠ ಮಾತ್ರ ಎರಡೂ ಕೂಡುವ ತುದಿಯಲ್ಲಿ. ನಡುವಿನ ತಡೆಯನ್ನು ತೆಗೆದದ್ದು 1910ರಲ್ಲಿ. ತೆಗೆದದ್ದಕ್ಕೆ ವಿಶ್ವಾಸಿಗಳು ಮದರಾಸಿನ ಉಚ್ಚ ನ್ಯಾಯಾಲಯದವರೆಗೆ ಹೋದರು. ಗುರುಮಠದಲ್ಲಿ ನಮಗೆ ಸಭೆಯ ಚರಿತ್ರೆ ಕಲಿಸಿದವರು ಗೋಥಿಕ್ ಕಮಾನುಗಳ ಬಗೆಗೆ ಬಹಳ ಹೇಳಿದರು, ಈ ಗೋಡೆಯ ಬಗೆಗೆ ಹೇಳಲಿಲ್ಲ.

ಎಲಿಸನ್ನನನ್ನು ಸಂತನನ್ನಾಗಿ ಮಾಡಿ ಕಥೆ ಮುಗಿಸುವಂತಿದ್ದರೆ ನನಗೂ ಸುಲಭವಾಗುತ್ತಿತ್ತು. ಹಾಗಿಲ್ಲ. ತಾನು ಬಿಡುಗಡೆಯಾದ ಕೆಲವೇ ವರ್ಷಗಳಲ್ಲಿ ಅವನೇ ಗುಲಾಮರನ್ನು ಕೊಳ್ಳಲು ತೊಡಗಿದ. ಮೊದಲು ಕಾರ್ಖಾನೆಗೆ, ಆಮೇಲೆ ಹತ್ತಿಯ ಹೊಲಗಳಿಗೆ. 1860ರ ಜನಗಣತಿಯಲ್ಲಿ ಅವನ ಹೆಸರಿನ ಕೆಳಗೆ ಇರುವ ಗುಲಾಮರು 63 ಮಂದಿ. ಅವರಿಗೂ ಹೆಸರಿಲ್ಲ; ವಯಸ್ಸು, ಲಿಂಗ, ಬಣ್ಣ ಅಷ್ಟೇ. ಹೆಸರಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದವನ ಪಟ್ಟಿಯಲ್ಲಿಯೂ! ಸ್ವತಂತ್ರ ಕಪ್ಪು ಮನುಷ್ಯನಿಗೆ ಆ ಸೀಮೆಯಲ್ಲಿ ಬಿಳಿಯರ ನಂಬಿಕೆ ಗಳಿಸಲು ಇದ್ದ ಒಂದೇ ದಾರಿ ಅವರಂತೆಯೇ ಒಡೆಯನಾಗುವುದು ಎಂದು ವಿವರಿಸುವವರಿದ್ದಾರೆ. ಅದು ವಿವರಣೆ, ಸಮರ್ಥನೆಯಲ್ಲ ಎಂಬುದು ನನ್ನ ಅಭಿಪ್ರಾಯ. ಅಂತರ್ಯುದ್ಧ ಆರಂಭವಾದ 1861ರ ಡಿಸೆಂಬರ್‌ನಲ್ಲಿ ಅವನು ತೀರಿಕೊಂಡ. ಅವನ ಮೊಮ್ಮಗನೊಬ್ಬ ಗುಲಾಮಗಿರಿಯನ್ನು ಉಳಿಸಲು ಹೋರಾಡಿದ ದಕ್ಷಿಣದ ಸೇನೆಯಲ್ಲಿ ಸೇವೆ ಸಲ್ಲಿಸಿದ. 1865ರಲ್ಲಿ ಯುದ್ಧ ಮುಗಿದು ಗುಲಾಮರೆಲ್ಲ ಬಿಡುಗಡೆಯಾದಾಗ ಬಿಳಿಯ ನೆರೆಯವರಂತೆ ಎಲಿಸನ್ನರ ಸಿರಿಯೂ ಕರಗಿತು. ಎಲಿಸನ್ನನನ್ನು ಹೂಳಿದ್ದು ದೇವಾಲಯದ ಅಂಗಳದಲ್ಲಲ್ಲ, ಕುಟುಂಬದ ಸ್ವಂತ ಸ್ಮಶಾನದಲ್ಲಿ.

ಇಷ್ಟೆಲ್ಲ ನಮಗೆ ತಿಳಿದದ್ದು ಹೇಗೆ ಎಂಬುದೂ ಹೇಳತಕ್ಕ ಸಂಗತಿ. ಎಲಿಸನ್ ಬಾಳಿದ ಮನೆ ಹಿಂದೆ ರಾಜ್ಯಪಾಲನಾಗಿದ್ದ ಸ್ಟೀಫನ್ ಮಿಲ್ಲರನದು; ಅವನಿಂದ ಎಲಿಸನ್ ಅದನ್ನು ಕೊಂಡಿದ್ದ. ಆ ಕಡೆಯ ಮನೆಗಳು ನೆಲದಿಂದ ಎತ್ತರದಲ್ಲಿ ಕಂಬಗಳ ಮೇಲೆ ನಿಲ್ಲುತ್ತವೆ, ಅಡಿಯಲ್ಲಿ ಮಕ್ಕಳು ನುಸುಳಿ ಆಡುವಷ್ಟು ಜಾಗವಿರುತ್ತದೆ. 1935ರಲ್ಲಿ ಮನೆ ಬೇರೆಯವರ ಕೈ ಸೇರಿತ್ತು. ಬಿಳಿಯರ ಮನೆಯ ಮೂವರು ಪುಟ್ಟ ಹುಡುಗಿಯರು ಆಟವಾಡುತ್ತ ಅದರ ಅಡಿಗೆ ನುಸುಳಿದಾಗ ಹಳೆಯ ಕಾಗದಗಳ ಕಂತೆಯೊಂದು ಸಿಕ್ಕಿತು. ಎಲಿಸನ್ ಕುಟುಂಬದವರೂ ಚಾರ್ಲ್ಸ್‌ಟನ್ನಿನ ಅವರ ಬಂಧುಗಳೂ ಅಂತರ್ಯುದ್ಧದ ಹೊಸ್ತಿಲಲ್ಲಿ ಬರೆದ ಪತ್ರಗಳವು. ಮುಂದೇನಾಗುವುದೋ ಎಂಬ ಹೆದರಿಕೆ, ಮದುವೆ, ಕಾಯಿಲೆ, ಹತ್ತಿಯ ವ್ಯವಹಾರ, ಎಲ್ಲವೂ ಅವುಗಳಲ್ಲಿ ಇತ್ತು. ಎಪ್ಪತ್ತಕ್ಕೂ ಹೆಚ್ಚು ವರ್ಷ ಮಳೆ ತಾಕದೆ, ಗೆದ್ದಲು ಮುಟ್ಟದೆ, ಆ ಕಾಗದಗಳು ಮನೆಯಡಿಯಲ್ಲಿ ಉಳಿದಿದ್ದವು.